ಖಾಲಿ ಮಗ್ಗದ ಸಪ್ಪಳ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನೇ ನಾನು. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ನಗದೆ ಏನು ಮಾಡಲಿ? ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ಇಳಕಲ್ಲಿನ ಸೋದರಮಾವನ ಮನೆಯಲ್ಲಿದ್ದು ದಿನಾ ಬಸ್ಸಿಗೆ ಓಡಾಡುತ್ತಿದ್ದೆ.

ಮಾವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಒಮ್ಮೆ ನಡು ಹಿಡಿದು ಏಳಲಾಗದಾಗ ಡಾಕ್ಟರು ನೋವಿಗೆ ಭಾರಿ ಗುಳಿಗೆ ಬರೆದುಕೊಟ್ಟಿದ್ದರು, ಅಫೀಮಿನ ಜಾತಿಯದು. ಅದೇ ಹಳೇ ಚೀಟಿ ತೋರಿಸಿ ಐದು ವರ್ಷ ನಾನೇ ತಂದುಕೊಟ್ಟೆ. ಗುಳಿಗೆ ನುಂಗಿದರೆ ಮಾವ ಹಾಡಿಕೊಳ್ಳುತ್ತ ನೇಯುತ್ತಿದ್ದ, ಮಗ್ಗದ ಸಪ್ಪಳಕ್ಕೆ ಸರಿಯಾಗಿ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಎಷ್ಟು ಸುಖದ ಮನೆ ಅದು! ಈಗಲೂ ಜೋಳದ ರೊಟ್ಟಿ ಸುಡುವ ವಾಸನೆ ಬಂದರೆ ಜೀವ ಅಲ್ಲಿಗೇ ಹೋಗುತ್ತದೆ.

ಅವತ್ತು ಭಾನುವಾರ ಮಧ್ಯಾಹ್ನ. ಹಿಂದಿನ ದಿನವೇ ಸೀರೆ ಇಳಿಸಿದ್ದರಿಂದ ಮಗ್ಗದಲ್ಲಿ ಹಾಸಿನ ಒಂದೆಳೆಯೂ ಇರಲಿಲ್ಲ. ಕರೆಂಟ್ ಹೋಗಿ ಓಣಿಯ ಪವರ್‌ಲೂಮುಗಳೂ ಸುಮ್ಮನಿದ್ದವು. ಮಾವ ಪಡಸಾಲೆಯಲ್ಲಿ ಮಲಗಿದ್ದ, ನಾನು ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆ. ಇದ್ದಕ್ಕಿದ್ದಂತೆ ಒಳಗೆ ಮಗ್ಗ ಸಪ್ಪಳ ಮಾಡಿತು. ಮೂರು ಪೆಟ್ಟು, ತಡೆದು ಒಂದು, ಮತ್ತೆ ಗಡಬಡಿಸಿ ನಾಲ್ಕೈದು.

ಅತ್ತೆಯ ಕೈ ರೊಟ್ಟಿಯ ಮೇಲೇ ನಿಂತಿತು. "ಹಾಸಿಲ್ಲದ ಮಗ್ಗದಾಗ ಏನ್ ನೇಯಾಕತ್ತಾರ ಇವ್ರು? ಕೈ ಯಾಕ ಹಿಂಗ ತಪ್ಪಾಕತ್ತೈತಿ? ನೋಡು ಹೋಗಪಾ."

"ನಿದ್ದಿಗಣ್ಣಾಗ ಎದ್ದು ಕುಂತಿರಬೇಕ ಬಿಡು ಅತ್ತಿ," ಎಂದು ಚೇಷ್ಟೆ ಮಾಡುತ್ತಲೇ ಎದ್ದೆ. ಮಗ್ಗದ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಬಾಗಿಲಿಗೆ ಬಂದದ್ದೇ ಸಪ್ಪಳ ನಿಂತಿತು. ಮಾವ ಪಡಸಾಲೆಯ ಚಾಪೆಯ ಮೇಲೇ ಇದ್ದ. ಮೈಯೆಲ್ಲ ಬೆವರು, ಕರೆದರೆ ಓಗೊಡಲಿಲ್ಲ. ನಾಡಿ ಹಿಡಿದೆ. ಮೂರು ಪೆಟ್ಟು, ತಡೆದು ಒಂದು, ಮತ್ತೆ ಗಡಬಡಿಸಿ ನಾಲ್ಕೈದು.

ಜೀಪು ಮಾಡಿಕೊಂಡು ಬಾಗಲಕೋಟೆಗೆ ಒಯ್ದೆವು. ಡಾಕ್ಟರು ಇಸಿಜಿ ನೋಡಿ, ಯಾವ ಗುಳಿಗೆ, ಎಷ್ಟು ದಿನದಿಂದ ಎಂದು ಕೇಳಿದರು. ಹೇಳಿದೆ.

"ಇಂಥಾವ್ ವರ್ಷಗಟ್ಟಲೆ ತಗೊಂಡ್ರ ಕೆಲವರಿಗೆ ಎದಿ ಬಡಿತ ತಪ್ಪತೈತ್ರಿ ಮಾಸ್ತರ. ಇನ್ನೊಂದ್ ತಾಸು ತಡಾ ಆಗಿದ್ರ ಭಾಳ ಕಷ್ಟ ಇತ್ತು."

ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸದೆ ಅವರೇ ಹಂತಹಂತವಾಗಿ ಇಳಿಸಿದರು. ಮಾವ ಉಳಿದ, ಮತ್ತೆ ಹಾಡಿಕೊಳ್ಳುತ್ತ ನೇಯ್ದ.

ಇಲಿ ಇರಬಹುದು, ಗಾಳಿ ಇರಬಹುದು ಎಂದು ಎಷ್ಟೋ ಸಲ ಕಾರಣ ಹುಡುಕಿದ್ದೇನೆ. ಯಾವುದೂ ಹೊಂದುವುದಿಲ್ಲ. ಅತ್ತೆಗೆ ಕಾರಣವೇ ಬೇಕಿರಲಿಲ್ಲ. "ಅವ್ರ ಮಗ್ಗ ಅದು, ಅವ್ರ ಸಲುವಾಗಿ ಕೂಗ್ತು," ಎಂದಳು. ಅವಳಿಗೆ ನಾನು ಕೊನೆಯವರೆಗೂ ಹೇಳದೆ ಉಳಿದದ್ದು ಒಂದೇ ಮಾತು. ಆ ಹಳೇ ಚೀಟಿಯಲ್ಲಿ ಡಾಕ್ಟರು ಗುಳಿಗೆ ಹತ್ತೇ ದಿನ ಎಂದು ಬರೆದಿದ್ದರು, ಮತ್ತು ಆ ಮನೆಯಲ್ಲಿ ಅದನ್ನು ಓದಲು ಬರುತ್ತಿದ್ದವನು ನಾನೊಬ್ಬನೇ.