ಕಳ್ಳ ಬಿಟ್ಟುಕೊಟ್ಟ ಸೀಟು

ರಿಟೈರ್ ಆದ ಪೊಲೀಸ್ನವಗ ಬಸ್ಸಿನ್ಯಾಗ ಯಾರೂ ಸೀಟು ಬಿಡಂಗಿಲ್ಲ. ಇದು ನನ್ನ ಅನುಭವ, ಬಸಣ್ಣಂದಲ್ಲ. ಇಬ್ರೂ ಒಂದ ಗಸ್ತಿನ ಜೀಪಿನ್ಯಾಗ ಇದ್ದವ್ರು. ಕಳ್ಳರ ಹಿಂದ ಓಡಾಂವ ನಾನು, ಜೀಪ್ ಹೊಡಿಯಾಂವ ಅಂವ.

ಮೊನ್ನೆ ಸಿಂಧನೂರಿಂದ ಮಸ್ಕಿಗೆ ಹೊಂಟಿದ್ವಿ. ಬಸ್ ತುಂಬಿತ್ತು. ನಡುವಯಸ್ಸಿನಾಂವ ಒಬ್ಬ ಬಸಣ್ಣನ್ನ ನೋಡಿದವನ ಎದ್ದು ನಿಂತ. "ಸಾಹೇಬ್ರ, ಕುಂದರ್ರಿ!"

ನಾ ಗುರುತು ಹಿಡಿದೆ. ಹಿಂದೊಮ್ಮೆ ಮೋಟಾರಿನ ವೈರ್ ಕದ್ದು ಓಡಿದ್ದ. ತುರ್ವಿಹಾಳದ ನೆಲ್ಲಿನ ಗದ್ದ್ಯಾಗ ಬೆನ್ನತ್ತಿ ಹಿಡಿದಾಂವ ನಾನು. ಅವತ್ತು ಉಳುಕಿದ ಮೊಣಕಾಲು ಇನ್ನೂ ನೋಯ್ತದ.

"ಲೇ, ನಿನ್ನ ಹಿಡಿದಾಂವ ನಾನು!" ಅಂದೆ. ಬಸ್ಸೆಲ್ಲಾ ತಿರುಗಿ ನೋಡ್ತು.

ಅಂವ ನಕ್ಕ. "ಹೌದೇನ್ರಿ? ಕೆಸರಿನ್ಯಾಗ ನಿಮ್ಮ ಮುಖಾನ ಕಾಣಲಿಲ್ರಿ. ಇವ್ರು ಜೀಪ್ ಇಳಿದು ಬಂದು, 'ಮುಖ ಒರಸ್ಕೋ ತಮ್ಮಾ' ಅಂತ ಟವೆಲ್ ಕೊಟ್ರು. ಅವತ್ತಿಂದ ಕಳವು ಬಿಟ್ಟೀನ್ರಿ."

ಸೀಟಿನ್ಯಾಗ ಕುಂತ ಬಸಣ್ಣ ಕಿಟಕಿ ಕಡೆ ಮುಖ ತಿರುಗಿಸಿದ. ನಾ ಮಸ್ಕಿ ತನಕ ಕಂಬಿ ಹಿಡಿದು ನಿಂತೆ, ಹೊಟ್ಟಿ ಉರಕೊಂತ.

ಹೊಸಾ ಪೊಲೀಸ್ರಿಗೆ ನನ್ನ ಬುದ್ಧಿಮಾತು ಒಂದ: ಕಳ್ಳನ್ನ ಯಾರರ ಹಿಡೀಲಿ, ಟವೆಲ್ ಮಾತ್ರ ನೀವ ಕೊಡ್ರಿ.

ಅವತ್ತು ಬಸಣ್ಣ ಕೊಟ್ಟ ಟವೆಲ್ ನಂದಿತ್ತು.