ಎಲ್ಲವೂ ಎರಡೆರಡು ಇದ್ದ ದೋಣಿ

ನಾನು ದೋಣಿ ಸಜ್ಜುಗೊಳಿಸುವುದನ್ನು ಕಲಿತದ್ದು ವಿಡಿಯೊ ನೋಡಿ. ವಿಡಿಯೊಗಳೆಲ್ಲ ಅಮೆರಿಕದವು, ವಾಲ್‌ಐ ಎಂಬ ಮೀನು ಹಿಡಿಯುವ ಪಂದ್ಯಗಳಿಗೆ ದೋಣಿಯನ್ನು ಹೇಗೆ ತಯಾರು ಮಾಡಬೇಕು ಎನ್ನುವವು. ಟೋಪಿ ಹಾಕಿಕೊಂಡ ದಪ್ಪ ಗಂಡಸರು ಒಂದೊಂದು ಸ್ಕ್ರೂ ಬಗ್ಗೆಯೂ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ವಾಲ್‌ಐ ನಾನಿರುವ ಐರ್ಲೆಂಡಿನ ಯಾವ ಸರೋವರದಲ್ಲೂ ಇಲ್ಲ ಎಂಬುದು ನನಗೆ ತಿಳಿದದ್ದು ಮುಕ್ಕಾಲು ಪಾಲು ಕೆಲಸ ಮುಗಿದ ಮೇಲೆ. ಇಲ್ಲಿರುವುದು ಪೈಕ್: ಮೊಸಳೆಯ ಮೂತಿ, ಗರಗಸದ ಹಲ್ಲು. ಆದರೂ ನಾನು ಕುಗ್ಗಲಿಲ್ಲ. ಮೀನು ಬೇರೆಯಾದರೇನು, ಸ್ಕ್ರೂ ಅದೇ ತಾನೆ ಎಂದುಕೊಂಡೆ.

ಆಗ ನಾನು ಅತ್ಲೋನ್ ಎಂಬ ಊರಿನಲ್ಲಿ ಅಕ್ಕ-ಭಾವನ ಮನೆಯ ಮೇಲಿನ ಕೋಣೆಯಲ್ಲಿ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಬೇರೆಯವರು ಮಾಡಿದ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಮೊದಲ ಲಾಕ್‌ಡೌನ್ ಸಡಿಲವಾದ ಬೇಸಿಗೆಯಲ್ಲಿ ಒಬ್ಬ ರೈತನ ಹೊಲದಲ್ಲಿ ಹದಿನಾರು ಅಡಿಯ ಫೈಬರ್ ದೋಣಿ ಸಿಕ್ಕಿತು. ಹಲವು ವರ್ಷಗಳಿಂದ ಅದರಲ್ಲಿ ಕರುಗಳು ನೀರು ಕುಡಿಯುತ್ತಿದ್ದವು. ಸೋರುತ್ತದೆಯೇ ಎಂದು ಕೇಳಿದ್ದಕ್ಕೆ ರೈತ ಅದರಲ್ಲಿ ತುಂಬಿದ್ದ ನೀರು ತೋರಿಸಿ, ಒಳಗಿನದು ಹೊರಗೆ ಹೋಗದಿದ್ದರೆ ಹೊರಗಿನದು ಒಳಗೆ ಹೇಗೆ ಬರುತ್ತದೆ ಎಂದ. ಇಷ್ಟು ಅಚ್ಚುಕಟ್ಟಾದ ಟೆಸ್ಟನ್ನು ನಮ್ಮ ಆಫೀಸಿನಲ್ಲಿ ಯಾರೂ ಮಾಡಿರಲಿಲ್ಲ. ಅಲ್ಲೇ ವ್ಯಾಪಾರ ಮುಗಿಸಿದೆ.

ಅಷ್ಟರಲ್ಲಿ ಚಳಿಗಾಲದ ಲಾಕ್‌ಡೌನ್ ಬಂತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಸರೋವರಕ್ಕೆ ದೋಣಿ ಇಳಿಸುವ ಜಾಗ ಆರೂವರೆ ಕಿಲೋಮೀಟರ್ ದೂರ. ಆ ಒಂದೂವರೆ ಕಿಲೋಮೀಟರಿನ ಕೊರತೆಯನ್ನು ನಾನು ಸಾಮಾನು ತರಿಸಿ ತುಂಬಿಕೊಂಡೆ. ವಿಡಿಯೊದವರ ಮೂಲಮಂತ್ರ, ನೀರಿನ ಮೇಲೆ ಯಾವುದನ್ನೂ ಒಂದೇ ಇಟ್ಟುಕೊಂಡು ಹೋಗಬಾರದು ಎಂಬುದು. ಹಾಗಾಗಿ ಎರಡು ಎಂಜಿನ್, ಎರಡು ಬ್ಯಾಟರಿ, ಎರಡು ಲಂಗರು, ಮೀನು ಎಲ್ಲಿದೆ ಎಂದು ತೋರಿಸುವ ಎರಡು ಪರದೆ, ತಳದಲ್ಲಿ ನೀರು ಸೇರಿದರೆ ತಾನೇ ಓಡುವ ಎರಡು ಪಂಪ್, ಅವು ಕೆಟ್ಟರೆ ಎರಡು ಬಕೆಟ್. ಹಿಡಿದ ಮೀನನ್ನು ಜೀವಂತ ಇಡಲು ಒಂದು ತೊಟ್ಟಿಯನ್ನೂ ಕೂರಿಸಿದೆ. ಇಲ್ಲಿಯ ಪಂದ್ಯಗಳಲ್ಲಿ ಮೀನನ್ನು ಅಳೆದು ಆ ಕ್ಷಣವೇ ಬಿಟ್ಟುಬಿಡುತ್ತಾರೆ, ತೊಟ್ಟಿ ಬೇಕಿಲ್ಲ. ಅದರಲ್ಲಿ ಊಟದ ಡಬ್ಬಿ ಇಡತೊಡಗಿದೆ.

ವಾಕಿಂಗ್ ಬಿಟ್ಟು ಬೇರೆ ಗತಿಯಿಲ್ಲದ ಬೀದಿಯವರೆಲ್ಲ ಎರಡು ಮೀಟರ್ ಆಚೆ ನಿಂತು ಸಲಹೆ ಕೊಟ್ಟು ಹೋಗುತ್ತಿದ್ದರು. ಮನೆಯ ಮುಂದೆ ನೆಲದ ಮೇಲೆ ನಿಂತ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಲ್ಯಾಪ್‌ಟಾಪ್ ಹಿಡಿದು ಆಫೀಸ್ ಮೀಟಿಂಗಿನಲ್ಲಿ ಕೂತಿರುತ್ತಿದ್ದ ನನ್ನನ್ನು ನೋಡಿ, ಎಲ್ಲ ಗ್ರ್ಯಾಂಡಾ, ಅಂದರೆ ಚೆನ್ನಾಗಿದೆಯಾ, ಎಂದು ಇಲ್ಲಿಯ ಮಾತಿನಲ್ಲಿ ಕೇಳುತ್ತಿದ್ದರು. ಗ್ರ್ಯಾಂಡ್ ಎನ್ನುತ್ತಿದ್ದೆ.

ಅಕ್ಕನದು ಒಂದೇ ಷರತ್ತು: ಮನೆಯೊಳಗೆ ಮೀನು ಬರಬಾರದು, ಮೀನಿಗೆ ಹಾಕುವ ಮೀನೂ ಬರಬಾರದು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹಿಡಿದು ಬಿಟ್ಟುಬಿಡುತ್ತೇವೆ, ಪ್ಲಾಸ್ಟಿಕ್ಕಿನ ಹುಸಿ ಮೀನು ಕಟ್ಟಿ ಎಸೆಯುತ್ತೇವೆ ಎಂದು ವಿವರಿಸಿದೆ.

"ಬಿಡೋದಾದ್ರೆ ಹಿಡಿಯೋದ್ಯಾಕೋ?" ಎಂದಳು.

ಇದಕ್ಕೆ ಉತ್ತರ ಯಾವ ವಿಡಿಯೊದಲ್ಲೂ ಇರಲಿಲ್ಲ.

ಉತ್ತರ ಇದ್ದದ್ದು ಎದುರುಮನೆಯವರ ಹತ್ತಿರ. ಅವರು ಅರವತ್ತು ದಾಟಿದ ಹೆಂಗಸು, ನಿವೃತ್ತ ಸ್ಕೂಲ್ ಬಸ್ ಡ್ರೈವರ್. ಇಪ್ಪತ್ತು ವರ್ಷ ತಮ್ಮನ ಜೊತೆ ಒಂದೇ ದೋಣಿಯಲ್ಲಿ ಪೈಕ್ ಪಂದ್ಯಗಳಿಗೆ ಹೋದವರು. ಲಾಕ್‌ಡೌನಿನಲ್ಲಿ ಆ ತಮ್ಮ ಇವರನ್ನು ಒಂದು ಮಾತೂ ಕೇಳದೆ ಇಬ್ಬರ ದೋಣಿಯನ್ನು ಮಾರಿ, ಇನ್ನೊಬ್ಬನ ಹೊಸ ದೋಣಿ ಹತ್ತಿದ್ದ. ಅದು ಸಾಲದೆ, ತನ್ನ ಅಕ್ಕನ ಕೈಗೆ ಅಷ್ಟು ಮೀನು ಬೀಳುತ್ತಿದ್ದದ್ದು ಜಾಗ ತೋರಿಸುತ್ತಿದ್ದವನು ತಾನು ಎಂಬ ಕಾರಣಕ್ಕೆ ಎಂದು ಕ್ಲಬ್ಬಿನಲ್ಲಿ ಹೇಳಿಕೊಂಡಿದ್ದ. ಹಿಡಿದು ಬಿಡುವ ಮೀನನ್ನು ಯಾಕೆ ಹಿಡಿಯಬೇಕೆಂದು ಎದುರುಮನೆಯವರನ್ನು ಕೇಳಬೇಕಾಗಿಯೇ ಇರಲಿಲ್ಲ. ತಮ್ಮನ ಮೀನಿಗಿಂತ ಉದ್ದದ್ದು ಒಂದು ಬೇಕಾಗಿತ್ತು, ಅಷ್ಟೇ. ಅವರಿಗೆ ದೋಣಿ ಇರಲಿಲ್ಲ. ನನಗೆ ದೋಣಿ ಬಿಟ್ಟರೆ ಏನೂ ಗೊತ್ತಿರಲಿಲ್ಲ. ನಿರ್ಬಂಧ ಸಡಿಲಿಸಿದ ಮೇಲೆ ಬೇಸಿಗೆಯಲ್ಲಿ ನಾಲ್ಕಾರು ಸಲ ಜೊತೆಯಾಗಿ ನೀರಿಗಿಳಿದೆವು. ಅಕ್ಟೋಬರಿನ ಪಂದ್ಯಕ್ಕೆ ಇಬ್ಬರ ಹೆಸರು ಕೊಟ್ಟೆವು. ಹೊಸಬನಾದ ನನ್ನ ಪರವಾಗಿ ಅವರೇ ಕ್ಲಬ್ಬಿಗೆ ಮಾತು ಕೊಟ್ಟರು.

ಪಂದ್ಯ ಭಾನುವಾರ. ಶುಕ್ರವಾರ ಸಂಜೆ ನಾನು ನಲವತ್ತೆರಡು ಸಾಲಿನ ಪಟ್ಟಿ ಹಿಡಿದು ದೋಣಿಯನ್ನು ಮೂತಿಯಿಂದ ಬಾಲದವರೆಗೆ ಪರೀಕ್ಷಿಸಿದೆ. ಎಲ್ಲಕ್ಕೂ ಸರಿ ಗುರುತು ಹಾಕಿ, ಪಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ಸ್ಟಿಯರಿಂಗ್ ಪಕ್ಕ ಅಂಟಿಸಿದೆ. ಪರೀಕ್ಷೆ ಮುಗಿದ ಮೇಲೆ ಯಾರೂ ಏನನ್ನೂ ಮುಟ್ಟಬಾರದು ಎಂಬುದು ನನ್ನ ಕಸುಬಿನ ಮೊದಲ ಪಾಠ. ಶನಿವಾರ ಬೆಳಿಗ್ಗೆ ಅಕ್ಕ ಆಯುಧಪೂಜೆ ಎಂದಳು.

ಹಬ್ಬ ಬಂದದ್ದು ವಾರದ ನಡುವೆ. ಆದರೆ ಈ ದೇಶದಲ್ಲಿ ನಮ್ಮ ದೇವರುಗಳೆಲ್ಲ ಶನಿವಾರಕ್ಕೆ ಒಗ್ಗಿಕೊಂಡಿದ್ದಾರೆ. ಕಾರು, ಭಾವನ ಸೈಕಲ್, ಮಿಕ್ಸಿ, ಎರಡು ಲ್ಯಾಪ್‌ಟಾಪ್ ಸಾಲಿನಲ್ಲಿ ನಿಂತವು. ದೋಣಿಯನ್ನು ತೊಳೆಯದೆ ಪೂಜೆ ಇಲ್ಲ ಎಂದಳು. ತೊಳೆದ ನೀರು ಹರಿದು ಹೋಗಲಿ ಎಂದು ನಾನು ಹಿಂಭಾಗದ ತಳದಲ್ಲಿರುವ ತೂತಿನ ಹಿತ್ತಾಳೆ ಬಿರಡೆಯನ್ನು ತಿರುಗಿಸಿ ತೆಗೆದು, ಸ್ಪ್ಯಾನರುಗಳ ಪಕ್ಕ ಇಟ್ಟೆ. ಅಕ್ಕ ಸ್ಪ್ಯಾನರು, ಇಕ್ಕಳ, ರೀಲು ಎಲ್ಲವನ್ನೂ ತಟ್ಟೆಯಲ್ಲಿ ಒಯ್ದು ದೇವರ ಮುಂದೆ ಜೋಡಿಸಿದಳು. ಎಂಜಿನ್ನಿಗೆ ವಿಭೂತಿ, ಕುಂಕುಮ, ಸೇವಂತಿಗೆ. ಬೂದುಗುಂಬಳ ಸಿಗುವ ಊರಲ್ಲ. ಅಂಗಡಿಗಳ ತುಂಬ ಹ್ಯಾಲೊವೀನ್ ಕುಂಬಳ ಇತ್ತು. ಭಾವ ಅದನ್ನೇ ಕುಂಕುಮ ತುಂಬಿ ದೋಣಿಗೆ ನಿವಾಳಿಸಿ ರಸ್ತೆಗೆ ಒಡೆದರು. ಅದಕ್ಕೆ ಮುಖ ಕೆತ್ತುವುದನ್ನು ಮರೆತಿದ್ದಾರೆ ಎಂದು ಪಕ್ಕದ ಮನೆಯವರು ಕನಿಕರದಿಂದ ನೋಡಿದರು. ಎದುರುಮನೆಯವರು ಕಡಲೆಪುರಿ ತಿನ್ನುತ್ತ, ಇಷ್ಟು ಆರೈಕೆ ಆದ ದೋಣಿ ಈ ಸರೋವರದಲ್ಲಿ ಇನ್ನೊಂದಿಲ್ಲ ಎಂದರು.

ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ನಾನೇ ಕೈಮುಗಿದು ಎಲ್ಲವನ್ನೂ ಎತ್ತಿಕೊಂಡೆ. ಎಲ್ಲವನ್ನೂ ಎಂದೇ ಅಂದುಕೊಂಡಿದ್ದೆ.

ದೋಣಿ ಇಳಿಸುವ ಜಾಗದಲ್ಲಿ ಮಾಸ್ಕ್ ಹಾಕಿಕೊಂಡ ಜನ ದೂರ ದೂರ ನಿಂತಿದ್ದರು. ತಪಾಸಣೆಯೂ ತೀರ್ಪೂ ಎದುರುಮನೆಯವರ ತಮ್ಮನದೇ. ಬೇರೆ ಯಾರೂ ಆ ಕೆಲಸಕ್ಕೆ ಒಪ್ಪುವುದಿಲ್ಲವಂತೆ. ಅವನು ನಮ್ಮ ಲೈಫ್ ಜಾಕೆಟ್ ನೋಡಿದ, ಎರಡು ಲಂಗರು ನೋಡಿದ, ಎಂಜಿನ್ನಿನ ಕುಂಕುಮ ನೋಡಿದ.

"ಸಮುದ್ರ ದಾಟಿ ಅಮೆರಿಕಕ್ಕೆ ಹೋಗ್ತಿದೀರಾ?" ಎಂದು ತನ್ನ ಅಕ್ಕನನ್ನು ಕೇಳಿದ.

"ನೀನು ಹಿಂದೆ ಉಳಿದ್ರೆ ನಿನಗೂ ಬೇಕಾಗುತ್ತೆ ಅಂತ ಎರಡೆರಡು ತಂದಿದೀವಿ," ಎಂದರು ಎದುರುಮನೆಯವರು.

ಅವನು ನಿಯಮ ಓದಿ ಹೇಳಿದ. ಸಂಜೆ ನಾಲ್ಕರ ತನಕ ಸಮಯ. ತೇಲುತ್ತಿರುವ ದೋಣಿಯಿಂದಲೇ ಹಿಡಿಯಬೇಕು. ಅಳತೆ ಹಲಗೆಯ ಮೇಲೆ ಮಲಗಿಸಿ, ಫೋಟೊ ತೆಗೆದು, ಬಿಟ್ಟು, ಫೋಟೊವನ್ನು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಎಲ್ಲಕ್ಕಿಂತ ಉದ್ದದ ಮೀನಿಗೆ ಗೆಲುವು. ತೊಂದರೆಯಾದರೆ ತನಗೆ ಫೋನ್ ಮಾಡಬೇಕು. ತಾನು ಬಂದು ಎಳೆದುಕೊಂಡು ಬಂದರೆ ಆ ದೋಣಿಯ ಪಂದ್ಯ ಅಲ್ಲಿಗೆ ಮುಗಿಯಿತು.

ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಮೊದಲನೇ ಪಂಪ್ ತಾನಾಗಿ ಓಡತೊಡಗಿತು. ಹತ್ತು ತಿಂಗಳಲ್ಲಿ ಅದು ಕೆಲಸ ಮಾಡಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ನಿನ್ನೆ ತೊಳೆದ ನೀರು ಉಳಿದಿರಬೇಕು ಎಂದೆ. ಎರಡನೆಯದೂ ಓಡತೊಡಗಿದಾಗ ಎದುರುಮನೆಯವರಿಗೆ ವೈರಿಂಗ್ ವಿವರಿಸಿದೆ. ಅವರು ಗಾಳ ಎಸೆಯುತ್ತ ಹೂಂಗುಟ್ಟಿದರು. ಫೋನಿನಲ್ಲಿ ತಮ್ಮನ ಫೋಟೊ ಬಂತು: ತೊಂಬತ್ತೊಂದು ಸೆಂಟಿಮೀಟರ್. ಅವರು ಅದನ್ನು ನೋಡಿ ಫೋನನ್ನು ಮಗುಚಿ ಇಟ್ಟರು. ಒಂದೂವರೆ ಗಂಟೆ ಕಳೆದ ಮೇಲೆ ಮೀನು ತೋರಿಸುವ ಪರದೆಗಳು ಒಂದಾದ ಮೇಲೊಂದು ಆರಿದವು. ಪಂಪುಗಳೂ ನಿಂತವು. ಎರಡು ಬ್ಯಾಟರಿಯೂ ಖಾಲಿ.

"ನಿನ್ನ ದೋಣಿ ಕೂತ್ಕೊಳ್ತಾ ಇದೆಯಲ್ಲ," ಎಂದರು.

ತಿರುಗಿ ನೋಡಿದೆ. ಹಿಂಭಾಗ ನೀರಿನ ಮಟ್ಟಕ್ಕೆ ಬಂದಿತ್ತು, ಊಟದ ಡಬ್ಬಿ ನನ್ನ ಕಾಲ ಹತ್ತಿರ ತೇಲುತ್ತಿತ್ತು. ಅವರು ಇನ್ನೊಂದೇ ಪ್ರಶ್ನೆ ಕೇಳಿದರು: ಬಿರಡೆ ಹಾಕಿದೀಯಾ? ನಾನು ಪಟ್ಟಿ ತೋರಿಸಿದೆ. ಹದಿನೇಳನೇ ಸಾಲಿನಲ್ಲಿ ಸರಿ ಗುರುತು ಇತ್ತು. ತಳಕ್ಕೆ ಕೈ ಹಾಕಿ ನೋಡಿದೆ, ನೀರು ಬೆರಳುಗಳ ನಡುವೆ ಬುಗ್ಗೆಯಂತೆ ಬರುತ್ತಿತ್ತು. ಮನೆಗೆ ಫೋನ್ ಮಾಡಿದೆ.

"ಆ ಹಿತ್ತಾಳೇದಾ? ಅಮ್ಮನವರ ಮುಂದೆನೇ ಐತಲ್ಲೋ, ಹೂವಿನ ಕೆಳಗೆ," ಎಂದಳು ಅಕ್ಕ. "ಕುಂಕುಮ ಎಲ್ಲ ಇಟ್ಟಿದೀನಿ. ಯಾಕೆ, ಬೇಕಿತ್ತಾ?"

ಬೇಕಿತ್ತು ಎಂದು ಹೇಳಿ ಇಟ್ಟೆ. ಊಟದ ಡಬ್ಬಿಯ ತೊಟ್ಟಿ ಬಿಟ್ಟರೆ ಎರಡೆರಡು ಇಲ್ಲದ ಸಾಮಾನು ಆ ದೋಣಿಯಲ್ಲಿ ಅದೊಂದೇ. ನಾನು ತಮ್ಮನ ನಂಬರು ತೆಗೆದೆ. ಈಜು ಬರುತ್ತಿರಲಿಲ್ಲ, ಅಕ್ಟೋಬರಿನ ನೀರು, ಹಿಂದೆ ಮುಂದೆ ನೋಡುವ ಹೊತ್ತಲ್ಲ. ಎದುರುಮನೆಯವರು ನನ್ನ ಕೈ ಹಿಡಿದರು.

"ಅವನು ಹಗ್ಗ ಹಿಡ್ಕೊಂಡು ನನ್ನ ಎಳ್ಕೊಂಡು ಹೋಗೋದನ್ನ ಊರೆಲ್ಲ ನೋಡುತ್ತೆ. ಆ ಜೊಂಡಿನ ಹತ್ರ ತಳ ಕಲ್ಲು. ಸೊಂಟದ ಮಟ್ಟಕ್ಕಿಂತ ನೀರಿಲ್ಲ. ಐದು ನಿಮಿಷ ಬಕೆಟ್‌ನಲ್ಲಿ ನೀರು ಎತ್ತಿ ಹಾಕು, ನಾನು ಅಲ್ಲಿಗೆ ಮುಟ್ಟಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ."

ಎರಡು ಬಕೆಟ್ಟುಗಳೂ ಅಂದು ಸಾರ್ಥಕವಾದವು. ಅವರು ಹಗ್ಗ ಎಳೆದು ಎಂಜಿನ್ ಶುರು ಮಾಡಿ ದೋಣಿಯ ಮೂತಿಯನ್ನು ಜೊಂಡಿನ ಪಕ್ಕದ ಕಲ್ಲುಹಾಸಿಗೆ ಮೆಲ್ಲನೆ ಏರಿಸಿದರು. ಆ ಕಲ್ಲುಹಾಸು ನನ್ನ ಯಾವ ನಕ್ಷೆಯಲ್ಲೂ ಇರಲಿಲ್ಲ. ಆಮೇಲೆ ಚಾಕು ತೆಗೆದು, ನನ್ನ ಗಾಳದ ಕೋಲುಗಳಲ್ಲಿ ಯಾವುದು ತುಂಬಾ ದುಬಾರಿ ಎಂದು ಕೇಳಿದರು. ಅದೊಂದನ್ನಾದರೂ ಉಳಿಸಲಿ ಎಂದು ತೋರಿಸಿದೆ.

"ಅದರ ಕಾರ್ಕೇ ಒಳ್ಳೇದಿರುತ್ತೆ," ಎಂದು ಅದರ ಕಾರ್ಕಿನ ಹಿಡಿಯ ತುದಿಯನ್ನೇ ಕತ್ತರಿಸಿ, ಹೆರೆದು, ತಮ್ಮ ಬಟ್ಟೆಯ ಮಾಸ್ಕನ್ನು ಸುತ್ತಿ ಕೊಟ್ಟರು.

ನಾನು ನೀರಿಗಿಳಿದು ಹೊರಗಿನಿಂದ ಅದನ್ನು ತೂತಿಗೆ ತುರುಕಿದೆ. ಬಟ್ಟೆ ನೆನೆದು ಉಬ್ಬುವ ತನಕ ಅಂಗೈಯಲ್ಲಿ ಒತ್ತಿ ಹಿಡಿದಿರಬೇಕು ಎಂದರು. ಸೊಂಟದ ತನಕ ಮರಗಟ್ಟಿ, ಹಲ್ಲು ಕಟಕಟ ಎನ್ನುತ್ತ ನಿಂತಿದ್ದೆ. ತಲೆಯ ಮೇಲಿಂದ ಏನೋ ಸುಯ್ಯೆಂದು ಹೋಯಿತು. ನೋಡಿದರೆ ಅವರು ದೋಣಿಯಲ್ಲಿ ಕೂತು ಗಾಳ ಎಸೆಯುತ್ತಿದ್ದಾರೆ. ನೀನು ಹೇಗೂ ನಿಂತಿದೀಯಲ್ಲ, ನಾನು ಸುಮ್ನೆ ಯಾಕೆ ಕೂರಲಿ ಎಂದರು. ನಾಲ್ಕನೆಯ ಎಸೆತಕ್ಕೆ ಕೋಲು ಬಿಲ್ಲಿನಂತೆ ಬಾಗಿತು. ನನ್ನ ತೊಡೆಯ ಪಕ್ಕದಲ್ಲೇ ಒಂದು ಹಸಿರು ಬೆನ್ನು ಉರುಳಿ ಹೋಯಿತು. ಬಿರಡೆ ಬಿಟ್ಟು ಓಡಲು ಮನಸ್ಸು ಬಂದರೂ ಓಡಲು ಜಾಗ ಇರಲಿಲ್ಲ.

ಹಲಗೆಯ ಮೇಲೆ ಅದು ನೂರಾನಾಲ್ಕು ಸೆಂಟಿಮೀಟರ್ ಇತ್ತು. ಅವರು ಫೋಟೊ ತೆಗೆದು, ಮೀನನ್ನು ಎರಡೂ ಕೈಯಲ್ಲಿ ನೀರಿಗೆ ಬಿಟ್ಟರು. ಆಮೇಲೆ ಕೆಳಗೆ ನೋಡಿ, ದೋಣಿ ಕಲ್ಲಿನ ಮೇಲಿದೆ ಎಂದರು.

"ಮೂತಿ ಮಾತ್ರ," ಎಂದೆ. "ಹಿಂದುಗಡೆ ತೇಲ್ತಾ ಇತ್ತು."

"ಹಿಂದುಗಡೆ ಮುಳುಗ್ತಾ ಇತ್ತು."

ಫೋಟೊದಲ್ಲಿ ಕಲ್ಲು ಕಾಣುವುದಿಲ್ಲ, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದೆ. ಪರರ ತಪ್ಪು ಹುಡುಕಿ ಸಂಬಳ ಎಣಿಸುವವನ ಬಾಯಲ್ಲಿ ಬಂದ ಮಾತು ಇದು. ಅವರು ಕೋಪಿಸಿಕೊಳ್ಳಲಿಲ್ಲ. ತಮಗೆ ತಿಳಿದಿರುತ್ತದಲ್ಲ, ಹಾಗೆ ಗೆದ್ದರೆ ತಾನಿಲ್ಲದೆ ಅಕ್ಕನಿಗೆ ಮೀನು ಸಿಗದು ಎಂದು ಅವನು ಹೇಳಿದ್ದೇ ನಿಜವಾಗುತ್ತದೆ ಎಂದರು. ಫೋಟೊವನ್ನು ಗುಂಪಿಗೆ ಹಾಕದೆ ತಮ್ಮನಿಗೆ ಮಾತ್ರ ಕಳಿಸಿ, ಅದರ ಕೆಳಗೆ ದೋಣಿಯ ಮೂತಿ ಜೊಂಡಿನ ಪಕ್ಕದ ಕಲ್ಲಿನ ಮೇಲಿತ್ತು, ತೀರ್ಪು ನಿನ್ನದು ಎಂದು ಬರೆದರು. ಮಿಕ್ಕ ಹೊತ್ತು ನಾವು ಆಗಾಗ ಬಕೆಟ್ ಹಾಕುತ್ತ, ದಡದ ಪಕ್ಕದಲ್ಲೇ ಗಾಳ ಎಸೆದೆವು. ಇನ್ನೊಂದು ಮೀನು ಬರಲಿಲ್ಲ.

ನಾಲ್ಕಕ್ಕೆ ವಾಪಸು ಬಂದಾಗ ಎಲ್ಲರೂ ದಡದಲ್ಲಿ ಬಿಡಿಬಿಡಿಯಾಗಿ ನಿಂತಿದ್ದರು. ನಾನು ನಮ್ಮ ದೋಣಿಯನ್ನು ಟ್ರೈಲರ್ ಮೇಲೆ ಎಳೆದೆ. ತಮ್ಮ ಅದರ ಹಿಂದೆ ಬಗ್ಗಿ ನೋಡಿ, ಕಾರ್ಕನ್ನೂ ಅದಕ್ಕೆ ಸುತ್ತಿದ ಮಾಸ್ಕನ್ನೂ ಗುರುತಿಸಿದ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಕೈಯಲ್ಲಿದ್ದ ಫಲಿತಾಂಶದ ಪಟ್ಟಿಯನ್ನು ಎರಡು ಸಲ ಓದಿಕೊಂಡು ಮಾತಾಡಿದ.

"ಅಕ್ಕನ ಮೀನು ನನ್ನದಕ್ಕಿಂತ ಉದ್ದ. ಆ ಜಾಗ ನಾನು ತೋರಿಸಿದ್ದಲ್ಲ, ನನಗೆ ಗೊತ್ತೇ ಇರ್ಲಿಲ್ಲ. ಆದ್ರೆ ದೋಣಿ ನಿಂತಿತ್ತು, ನಿಯಮ ನಿಯಮ. ಲೆಕ್ಕಕ್ಕೆ ಬರಲ್ಲ."

ಗೆದ್ದವನು ಅವನೇ ಆದ. ಎಲ್ಲರೂ ಎದುರುಮನೆಯವರ ಕಡೆ ನೋಡಿದರು. ಅವರ ಮಾಸ್ಕ್ ದೋಣಿಯ ತೂತಿನಲ್ಲಿದ್ದ ಕಾರಣ ಮುಖ ಪೂರ್ತಿ ಕಾಣುತ್ತಿತ್ತು.

"ನಿಯಮ ನೀನೇ ಇಟ್ಕೋ," ಎಂದರು. "ಮೊದಲನೇ ಮಾತು ಇನ್ನೊಂದ್ಸಲ ಹೇಳು."

ಅವನು ನೆಲ ನೋಡುತ್ತ ಹೇಳಿದ.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ. ಮಾಸ್ಕ್ ಅಡ್ಡ ಬರ್ತಿದೆ."

ತಮ್ಮ ಸುತ್ತಲೂ ನೋಡಿ, ಎಲ್ಲರಿಂದ ಎರಡು ಹೆಜ್ಜೆ ದೂರ ಸರಿದ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಆಚೆ ದಡಕ್ಕೂ ಕೇಳುವ ಹಾಗೆ ಮೂರನೆಯ ಸಲ ಹೇಳಿದ.