ಬಿಷಪ್ಪನ ಬೆಳ್ಳಿಗೆ ವಿಭೂತಿ

ತಪ್ಪು ನನ್ನದೇ. ಎಂಟು ಶತಮಾನಗಳ ಕಪ್ಪನ್ನು ಚಿಟಿಕೆ ವಿಭೂತಿಯಿಂದ ಉಜ್ಜಿ ತೆಗೆದ ಮಹಾನುಭಾವ ನಾನು.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ ಶಿವಮೊಗ್ಗದ ಕಡೆಯ ಡಾಕ್ಟರ್ ಸಾಹೇಬರ ಮನೆ. ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲಿನವನು ಟೀ ಎತ್ತಿ ಸುರಿಯುವ ಗತ್ತು, ಸಾಹೇಬರು ಕೆಮ್ಮಿ ಕನ್ನಡಕ ಏರಿಸುವ ಗತ್ತು, ಎರಡನ್ನೂ ಅವರೆದುರೇ ಅಣಕಿಸುತ್ತಿದ್ದೆ. ನಗುತ್ತಿದ್ದರು. ಅವರ ಪ್ರಾಣವೆಲ್ಲ ಒಂದು ಹಳೆಯ ಜರ್ಮನ್ ಬೆಳ್ಳಿ ನಾಣ್ಯದ ಮೇಲೆ. ಒಣಗಿದ ಎಲೆಯಷ್ಟು ತೆಳು. ಒಂದೇ ಕಡೆ ಅಚ್ಚು, ಹಿಂದೆ ಅದೇ ಚಿತ್ರದ ಗುಳಿ. ದಂಡ ಹಿಡಿದು ಕುಳಿತ ಬಿಷಪ್. ಚಕ್ರವರ್ತಿಯ ಹಿಡಿತ ಸಡಿಲವಾದಾಗ ಬಿಷಪ್ಪರು, ಪಾಳೇಗಾರರಂಥ ದೊರೆಗಳು ತಂತಮ್ಮ ಟಂಕಸಾಲೆ ತೆರೆದರಂತೆ. ಆಗಾಗ ಹಳೆಯ ನಾಣ್ಯ ನಡೆಯದೆಂದು ಸಾರಿ, ಜನರಿಂದ ಅದನ್ನು ಪಡೆದು, ಹೊಸದನ್ನು ಎಣಿಕೆ ಕಡಿಮೆ ಮಾಡಿ ಕೊಡುತ್ತಿದ್ದರಂತೆ. ಇದನ್ನು ಕೇಳಿ ನಾನು ಛತ್ರಿಯನ್ನೇ ದಂಡ ಮಾಡಿಕೊಂಡು ಬಿಷಪ್ಪನಾಗಿ ಮೆರೆದಿದ್ದೆ.

ಪಕ್ಕದ ಊರು ಪುಚೊಂಗ್‌ನ ನಾಣ್ಯ ಸಂಗ್ರಾಹಕರ ಕೂಟದಲ್ಲಿ ಯಾರೋ ಅದು ಈಚಿನ ನಕಲು ಎಂದುಬಿಟ್ಟಿದ್ದರು. ಅಂದಿನಿಂದ ಸಾಹೇಬರಿಗೆ ಊಟ ಸೇರುತ್ತಿರಲಿಲ್ಲ. ಭಾನುವಾರ ಭೂತಗನ್ನಡಿ ಹಿಡಿದು ಎಲ್ಲರೂ ನೋಡುವುದೆಂದು ತೀರ್ಮಾನವಾಯಿತು. ಹೊರಡುವ ಮುಂಚೆ ಅವರು ನಮಾಜಿಗೆ ಹೋದರು. ನಾಣ್ಯದ ಡಬ್ಬಿ ನನ್ನ ಕೈಯಲ್ಲಿ. ತೆರೆದರೆ ನಾಣ್ಯ ಮಸಿ ಹಿಡಿದ ಹಾಗಿತ್ತು. ಇಂಥದ್ದನ್ನು ನಾಲ್ಕು ಜನರ ಮುಂದೆ ಇಡುವುದೇ? ಹಬ್ಬದ ಹಿಂದಿನ ದಿನ ಅಮ್ಮ ಬೆಳ್ಳಿ ದೀಪಗಳನ್ನು ನನ್ನ ಮುಂದೆ ಗುಡ್ಡೆ ಹಾಕುತ್ತಿದ್ದಳು, ಕೈಗೆ ಅಭ್ಯಾಸವಿತ್ತು. ಚಿಟಿಕೆ ವಿಭೂತಿ ಹಾಕಿ ಮೆಲ್ಲಗೆ ಉಜ್ಜಿದೆ. ಬಿಷಪ್ ಫಳಫಳ ಹೊಳೆದ.

ಬೆನ್ನು ತಟ್ಟಿಸಿಕೊಳ್ಳಲು ಕಾದು ನಿಂತಿದ್ದೆ. ಸಾಹೇಬರು ಡಬ್ಬಿ ತೆರೆದವರೇ ಬಾಗಿಲ ಬಳಿ ಕೂತುಬಿಟ್ಟರು. ಗೆರೆಗೆರೆಯಲ್ಲೂ ಕೂತಿದ್ದ ಆ ಕಪ್ಪೇ ತಮ್ಮ ಸಾಕ್ಷಿ, ಅದನ್ನು ತೋರಿಸಲೆಂದೇ ಹೊರಟದ್ದು, ಇನ್ನು ಯಾರು ನೋಡಿದರೂ ನಿನ್ನೆ ಮಾಡಿದ್ದು ಅನ್ನುತ್ತಾರೆ ಎಂದು ಗೋಡೆಗೆ ಹೇಳುವವರಂತೆ ಹೇಳಿದರು. ಸಾಕ್ಷಿಯೆಲ್ಲ ನನ್ನ ಹೆಬ್ಬೆರಳಿಗೆ ಅಂಟಿತ್ತು. ಮತ್ತೆ ಹಚ್ಚುವ ಹಾಗಿರಲಿಲ್ಲ.

ಹೆದರಿದಾಗಲೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಬಿಷಪ್ಪನ ದನಿಯಲ್ಲೇ, "ಹಳೇದು ಕೊಟ್ರಿ, ಹೊಸದು ತಗೊಳ್ಳಿ ಸಾಹೇಬ್ರೇ," ಅಂದುಬಿಟ್ಟೆ.

ಅವರು ಡಬ್ಬಿ ಮುಚ್ಚಿದರು.

"ಬಿಷಪ್ಪು ಹನ್ನೆರಡು ಕಿತ್ಕೊಂಡ್ರೆ ಒಂಬತ್ತಾದ್ರೂ ಕೊಡ್ತಿದ್ದ ಮಾರಾಯ. ನೀನು ಇದ್ದೊಂದನ್ನೂ ನುಂಗಿಬಿಟ್ಟೆ."